ಗ್ಲೂಕೋಸ್ ತೆಗೆದ ಮೇಲೆ ಶುರುವಾಗುವ ಪರೀಕ್ಷೆ

ಕೋಶಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯಾದ ಉಸಿರಾಟ ಸರಪಳಿ (ಆಮ್ಲಜನಕ ಬಳಸಿ ಶಕ್ತಿ ಮಾಡುವ ಪ್ರೋಟೀನ್‌ಗಳ ಸಾಲು) ಕೆಟ್ಟವರಿಗೆ ಯಾವ ಔಷಧಿ ನಾಟಬಹುದು? ಇದನ್ನು ಕಲಬುರಗಿಯ ಒಂದು ಸಣ್ಣ ಲ್ಯಾಬಿನಲ್ಲಿ ನೋಡುತ್ತೇನೆ. ರೋಗಿಯ ಚರ್ಮದ ಚೂರಿನಿಂದ ಫೈಬ್ರೋಬ್ಲಾಸ್ಟ್ ಕೋಶಗಳನ್ನು ಬೆಳೆಸಿ, ಅವಕ್ಕೆ ಔಷಧಿ ಕೊಟ್ಟು ಕಾಯುವುದು. ಕೇಳಲು ಸುಲಭ, ಅಲ್ವಾ?

ಗ್ಲೂಕೋಸ್ ಇರುವ ಮೀಡಿಯಂನಲ್ಲಿ (ಕೋಶ ಬೆಳೆಸುವ ದ್ರವದಲ್ಲಿ) ಈ ಪರೀಕ್ಷೆ ಸುಮ್ನೆ ದಂಡ. ಸರಪಳಿ ಸೋತರೂ ಕೋಶ ಗ್ಲೈಕಾಲಿಸಿಸ್‌ನಿಂದಲೇ, ಅಂದರೆ ಮೈಟೋಕಾಂಡ್ರಿಯಾದ ಹಂಗಿಲ್ಲದೆ ಸಕ್ಕರೆ ಒಡೆದೇ, ಎಟಿಪಿ ಎಂಬ ಶಕ್ತಿಯ ಅಣು ಮಾಡಿಕೊಂಡು ಆರಾಮಾಗಿ ಇರುತ್ತದೆ. ಅದಕ್ಕೇ ಗ್ಲೂಕೋಸ್ ತೆಗೆದು ಗ್ಯಾಲಕ್ಟೋಸ್ ಅನ್ನುವ ಬೇರೆ ಸಕ್ಕರೆ ಕೊಡುತ್ತೇವೆ. ಅದರಿಂದ ಗ್ಲೈಕಾಲಿಸಿಸ್ ತುಂಬಾ ನಿಧಾನ, ಕೋಶ ಮೈಟೋಕಾಂಡ್ರಿಯಾವನ್ನೇ ನೆಚ್ಚಬೇಕಾಗುತ್ತದೆ. ದೋಷವಿರುವ ಕೋಶಗಳು ಇದರಲ್ಲಿ ಬದುಕುವುದಿಲ್ಲ ಅಂತ ಬ್ರಯಾನ್ ರಾಬಿನ್ಸನ್ ಮತ್ತು ಸಂಗಡಿಗರು 1992ರಲ್ಲೇ ತೋರಿಸಿದ್ದರು. ಮೀಡಿಯಂಗೆ ಬೆರೆಸುವ ಸೀರಮ್‌ನಲ್ಲೂ (ರಕ್ತದ ತಿಳಿ ದ್ರವದಲ್ಲೂ) ಗ್ಲೂಕೋಸ್ ಇರುತ್ತದೆ, ಹಾಗಾಗಿ ಡಯಾಲಿಸಿಸ್ ಮಾಡಿ ಅದನ್ನು ತೆಗೆದ ಸೀರಮ್ಮೇ ಬೇಕು. ಮೀಡಿಯಂ ಬಾಟಲಿಯ ಲೇಬಲ್ಲನ್ನೂ ಓದುತ್ತೇನೆ. ಪೈರುವೇಟ್, ಯುರಿಡಿನ್ ಎಂಬ ಪೋಷಕಗಳು ಸೇರಿದ್ದರೆ ಸೋತ ಕೋಶ ಅದರಿಂದಲೇ ಚೇತರಿಸಿಕೊಂಡುಬಿಡುತ್ತದೆ. ಔಷಧಿಗೆ ಪುಕ್ಕಟೆ ಹೆಸರು.

ನಮ್ಮ ಬಿಸಿಲಿನದ್ದು ಬೇರೆಯೇ ಕಥೆ. ಇನ್‌ಕ್ಯುಬೇಟರ್ 37 ಡಿಗ್ರಿಯಲ್ಲಿರಬೇಕು. ಆದರೆ ಅದಕ್ಕೆ ಕಾಯಿಸುವುದು ಗೊತ್ತು, ತಣಿಸುವುದು ಗೊತ್ತಿಲ್ಲ. ಮೇ ತಿಂಗಳಲ್ಲಿ ಹೊರಗೆ 40 ದಾಟಿದಾಗ ಕರೆಂಟ್ ಹೋದರೆ, ಯುಪಿಎಸ್ ಇನ್‌ಕ್ಯುಬೇಟರನ್ನಷ್ಟೇ ನಡೆಸಿದರೆ ಸಾಲದು, ಕೋಣೆಯ ಎಸಿಯೂ ಓಡಬೇಕು. ಹಾಗಾಗಿ ದೊಡ್ಡ ಪರೀಕ್ಷೆಗಳನ್ನು ಚಳಿಗಾಲಕ್ಕೇ ಇಟ್ಟುಕೊಳ್ಳುತ್ತೇನೆ.

ಹೊಸಬರಿಗೆ ನಾನು ಜಾಸ್ತಿ ಹೇಳುವುದು ಕೋಶ ಬೆಳೆಸುವ ತಟ್ಟೆಯ ಖಾಲಿ ಗುಂಡಿಗಳ ಬಗ್ಗೆ. ಕೋಶವೇ ಇಲ್ಲದ ಗುಂಡಿಗೂ ಔಷಧಿ ಹಾಕಿ. ಎಂಟಿಟಿ ಎಂಬ ಬಣ್ಣದ ಪರೀಕ್ಷೆಯಲ್ಲಿ ಬದುಕಿರುವ ಕೋಶ ಆ ಬಣ್ಣವನ್ನು ಬದಲಿಸುತ್ತದೆ. ಆದರೆ ವಿಟಮಿನ್ ಸಿ ಯಾವ ಕೋಶದ ಹಂಗೂ ಇಲ್ಲದೆ ತಾನೇ ಆ ಬಣ್ಣ ಬದಲಿಸುತ್ತದೆ. ರೈಬೋಫ್ಲೇವಿನ್ (ವಿಟಮಿನ್ ಬಿ2) ತಾನೇ ಹಸಿರಾಗಿ ಹೊಳೆಯುತ್ತದೆ, ಆಕ್ಸಿಡೇಟಿವ್ ಒತ್ತಡ (ಆಮ್ಲಜನಕದ ಚುರುಕು ಅಣುಗಳು ಕೋಶಕ್ಕೆ ಕೊಡುವ ಕಾಟ) ಅಳೆಯುವ ಡಿಸಿಎಫ್ ಬಣ್ಣವೂ ಹಸಿರೇ. ಕೋಎನ್‌ಜೈಮ್ ಕ್ಯೂ10 ಎಂಬ ಔಷಧಿ ನೀರಲ್ಲಿ ಕರಗುವುದಿಲ್ಲ, ಆದ್ದರಿಂದ ಕರಗಿಸಿದ ದ್ರಾವಕವನ್ನಷ್ಟೇ ಹಾಕಿದ ಗುಂಡಿಯೂ ಇರಲೇಬೇಕು. ಇವೆಲ್ಲ ದಾಟಿ ಉಳಿದ ಔಷಧಿಯನ್ನು ಮಾತ್ರ ಆಕ್ಸಿಜನ್ ಎಲೆಕ್ಟ್ರೋಡ್‌ಗೆ ಒಯ್ಯುತ್ತೇನೆ. ಕೋಶ ನಿಜವಾಗಿ ಆಮ್ಲಜನಕ ಬಳಸುತ್ತಿದೆಯೇ ಅಂತ ಅಲ್ಲಿ ಗೊತ್ತಾಗುತ್ತದೆ.

ಇಷ್ಟಾದ ಮೇಲೂ ಎಲ್ಲರಿಗೂ ಒಂದೇ ಔಷಧಿ ಅನ್ನುವುದು ಸಿಗಲಿಲ್ಲ. ಇಬ್ಬರು ರೋಗಿಗಳಿಗೂ ಕಾಂಪ್ಲೆಕ್ಸ್ 1ರ, ಅಂದರೆ ಸರಪಳಿಯ ಮೊದಲ ಕೊಂಡಿಯ, ಕೊರತೆಯೇ. ಒಬ್ಬರ ಕೋಶ ರೈಬೋಫ್ಲೇವಿನ್‌ಗೆ ಚಿಗುರಿತು, ಇನ್ನೊಬ್ಬರದ್ದು ಅಲುಗಲಿಲ್ಲ. ಮೊದಲನೆಯದರಲ್ಲಿ ಕೆಟ್ಟಿದ್ದು ಎಸಿಎಡಿ9 ಜೀನ್. ಕಾಂಪ್ಲೆಕ್ಸ್ 1 ಜೋಡಿಸಲು ನೆರವಾಗುವ, ಆ ಜೀನಿನ ಪ್ರೋಟೀನ್‌ಗೆ ಎಫ್‌ಎಡಿ ಎಂಬ ಸಹಾಯಕ ಅಣು ಬೇಕು, ಅದು ತಯಾರಾಗುವುದು ರೈಬೋಫ್ಲೇವಿನ್‌ನಿಂದಲೇ. ಕಾರಣ ಸಿಕ್ಕಿದಾಗ ಫಲಿತಾಂಶದ ಮೇಲೆ ನಂಬಿಕೆ ಬರುತ್ತದೆ.

ಆ ಮೊದಲನೆಯ ಕೋಶಗಳು ಒಂದು ಮಗುವಿನವು. ಮಗುವಿನ ತಾಯಿ ಕೇಳಿದರು, "ಸರ, ಔಷಧ ಸಿಕ್ತೇನ್ರೀ?"

"ತಟ್ಟ್ಯಾಗ ಕೆಲಸ ಮಾಡ್ಯದ್ರೀ ಅಕ್ಕಾ. ಮೈಯಾಗ ಮಾಡ್ತದೇನು ಅಂತ ಡಾಕ್ಟರೇ ನೋಡಬೇಕ್ರಿ."

ಚರ್ಮದ ಕೋಶ ಮಿದುಳಿನ ಕೋಶವಲ್ಲ. ತಟ್ಟೆಯಲ್ಲಿ ಕೊಟ್ಟಷ್ಟು ಸಾಂದ್ರತೆ ರಕ್ತದಲ್ಲಿ ಸಿಗಬೇಕೆಂದೂ ಇಲ್ಲ. ಅದಕ್ಕೇ ಡಾಕ್ಟರಿಗೆ ಕೊಡುವ ವರದಿಯಲ್ಲಿ ಯಾವ ಕೋಶ, ಯಾವ ಸಕ್ಕರೆ, ಎಷ್ಟು ಮೈಕ್ರೋಮೋಲಾರ್ ಸಾಂದ್ರತೆ ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆಯುತ್ತೇನೆ. ಫಲಿತಾಂಶ ಅದರ ಕೆಳಗೆ.