ತೊಡೆಸಂದಿನ ಫಂಗಸ್ ಮತ್ತು ನನ್ನ ಎರಡು ಟ್ಯೂಬ್‌ಗಳು

ಮೊದಲು ಬೆವರಿಗೆ ಆಗಿದ್ದು ಅಂದುಕೊಂಡೆ. ತೊಡೆಸಂದು ಕೆಂಪಾಗಿ ಸದಾ ಒದ್ದೆ ಒದ್ದೆ. ಸಂದಿಯ ತಳದಲ್ಲಿ ಕೂದಲೆಳೆಯಷ್ಟು ಸೀಳು. ಕೆಂಪಿನ ಅಂಚು ದಾಟಿ ಆಚೆಗೆ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು, ಅಲ್ಲೊಂದು ಇಲ್ಲೊಂದು.

ಮನೆಯಲ್ಲಿ ಹಳೆಯದೊಂದು ಟ್ಯೂಬ್ ಬಿದ್ದಿತ್ತು, ಹಚ್ಚಿದೆ. ಎರಡೇ ದಿನಕ್ಕೆ ತುರಿಕೆ ಮಾಯ! ಖುಷಿಯಲ್ಲಿ ಬಿಟ್ಟೆ. ವಾರ ಕಳೆಯುವಷ್ಟರಲ್ಲಿ ಮೊದಲಿಗಿಂತ ಜಾಸ್ತಿಯಾಗಿ ಹರಡಿತ್ತು. ಆಮೇಲೆ ಟ್ಯೂಬಿನ ಸಣ್ಣ ಅಕ್ಷರ ಓದಿದೆ. ಕ್ಲೋಬೆಟಸಾಲ್ ಬೆರೆಸಿದ್ದ ಮುಲಾಮು ಅದು, ಅಂದರೆ ಬಲು ಜೋರಿನ ಸ್ಟೀರಾಯ್ಡ್. ಅದು ಉರಿ, ಕೆಂಪನ್ನು ಅಡಗಿಸುತ್ತದೆ. ಆದರೆ ಚರ್ಮ ಫಂಗಸ್ ವಿರುದ್ಧ ಹೋರಾಡುವುದನ್ನೂ ಅಡಗಿಸುತ್ತದೆ. ಸಂದಿಯ ತೆಳು ಚರ್ಮ ಇನ್ನಷ್ಟು ತೆಳುವಾಗುವುದು ಬೇರೆ.

ಚರ್ಮದ ಡಾಕ್ಟರು ಬ್ಲೇಡಿನಿಂದ ಸ್ವಲ್ಪ ಕೆರೆದು, ಗಾಜಿನ ಮೇಲೆ ಹಾಕಿ, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹನಿ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರು. ನನಗೂ ತೋರಿಸಿದರು. ಮೊಗ್ಗು ಬಿಟ್ಟ ಹಾಗೆ ದುಂಡು ಕಣಗಳು, ನಡುವೆ ಎಳೆಗಳು. ಕ್ಯಾಂಡಿಡಾ, ಅಂದರೆ ಈಸ್ಟ್ ಜಾತಿಯ ಫಂಗಸ್. ಹುಳುಕಡ್ಡಿ ತರುವ ಫಂಗಸ್ ಅಲ್ಲ. ಈ ವ್ಯತ್ಯಾಸ ಮುಖ್ಯ ಅಲ್ವಾ? ಹುಳುಕಡ್ಡಿಗೆ ಚೆನ್ನಾಗಿ ಕೆಲಸ ಮಾಡುವ ಟರ್ಬಿನಾಫಿನ್ ಮುಲಾಮನ್ನು ಕ್ಯಾಂಡಿಡಾಗೆ ಅಷ್ಟು ನಂಬುವಂತಿಲ್ಲ. ನಿಸ್ಟಾಟಿನ್ ಇದಕ್ಕೆ ಉಲ್ಟಾ: ಕ್ಯಾಂಡಿಡಾಗೆ ಆಗುತ್ತದೆ, ಹುಳುಕಡ್ಡಿಗೆ ಆಗುವುದಿಲ್ಲ. ಕ್ಲೋಟ್ರಿಮಜೋಲ್ ಎರಡಕ್ಕೂ ಆಗುತ್ತದೆ. ನನಗೆ ಬರೆದುಕೊಟ್ಟದ್ದು ಅದನ್ನೇ, ಶೇಕಡಾ 1ರ ಕ್ರೀಮ್, ದಿನಕ್ಕೆ 2 ಸಲ. ಜೊತೆಗೆ ಶುಗರ್ ಟೆಸ್ಟ್ ಕೂಡ ಮಾಡಿಸಿದರು. ಸಕ್ಕರೆ ಏರಿದವರಿಗೆ ಇದು ಮತ್ತೆ ಮತ್ತೆ ಬರುತ್ತದಂತೆ. ನನ್ನದು ಸರಿ ಇತ್ತು.

ಹಚ್ಚುವುದು ಸುಲಭ, ಒಣಗಿಸುವುದೇ ಕಷ್ಟ. ಸ್ನಾನ ಆದ ಮೇಲೆ ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸುತ್ತಿದ್ದೆ. ಆಮೇಲೆ ಫ್ಯಾನಿನ ಕೆಳಗೆ ಸುಮ್ನೆ 5 ನಿಮಿಷ ಕೂರುತ್ತಿದ್ದೆ. ನಗು ಬರುವಂಥ ಭಂಗಿ, ಆದರೆ ಬೇರೆ ದಾರಿ ಇರಲಿಲ್ಲ. ಪೂರ್ತಿ ಒಣಗಿದ ಮೇಲೆ ಕಡಲೆಕಾಳಿನಷ್ಟು ಕ್ರೀಮ್ ತೆಗೆದು ಒಂದೊಂದು ಕಡೆಗೂ ತೆಳುವಾಗಿ, ಕೆಂಪಿನ ಅಂಚು ದಾಟಿ ಎರಡು ಬೆರಳಗಲ ಹಚ್ಚುತ್ತಿದ್ದೆ. ಆಚೆಯ ಆ ಗುಳ್ಳೆಗಳೂ ಅದರೊಳಗೆ ಬರಬೇಕಲ್ಲ. ಮೊದಮೊದಲು ಬಿಳಿಬಿಳಿಯಾಗಿ ದಪ್ಪಕ್ಕೆ ಮೆತ್ತಿಕೊಂಡಿದ್ದೆ. ಅದರಿಂದ ಸಂದು ಮತ್ತೆ ಒದ್ದೆಯಾಯಿತು, ಅಷ್ಟೇ. ಹಚ್ಚಿದ ಮೇಲೆ ಸೋಪಿನಲ್ಲಿ ಕೈ ತೊಳೆಯುತ್ತಿದ್ದೆ. ಬಿಗಿ ಒಳಉಡುಪು ಬಿಟ್ಟು ಸಡಿಲ ಹತ್ತಿಯದಕ್ಕೆ ಬದಲಾದೆ.

5ನೇ ದಿನಕ್ಕೆ ತುರಿಕೆ ನಿಂತಿತು, 12ನೇ ದಿನಕ್ಕೆ ಕೆಂಪು ಹೋಯಿತು. ಇಲ್ಲೇ ಕೈ ಬಿಡುವ ಆಸೆ ಬರುವುದು. ಈ ಸಲ ಬಿಡಲಿಲ್ಲ. ಡಾಕ್ಟರು ಹೇಳಿದ ಹಾಗೆ ಕಣ್ಣಿಗೆ ಪೂರ್ತಿ ವಾಸಿ ಕಂಡ ಮೇಲೂ 2 ವಾರ ಹಚ್ಚಿದೆ.

ಸಂದಿಯಲ್ಲಿ ಕಪ್ಪು ಕಲೆ ಉಳಿಯಿತು. ಅದಕ್ಕೆ ಏನೂ ಹಚ್ಚಬೇಡಿ, ನಿಧಾನಕ್ಕೆ ತಾನೇ ಮಾಸುತ್ತದೆ ಎಂದಿದ್ದರು. ಈಗ ಮೂರನೇ ತಿಂಗಳು. ಮುಕ್ಕಾಲು ಮಾಸಿದೆ.