ಕಕ್ಕಡದ ಚಳಿಗೂ ಕರೆಂಟಿಲ್ಲದ ರಾತ್ರಿಗೂ ಹೊಂದುವ ಮೀನು

ಮೀನು ಸಾಕುವ ವಿಷಯದಲ್ಲಿ ಬೆಂಗಳೂರಿನವರ ಸಲಹೆ ನಮ್ಮ ಕೊಡಗಿಗೆ ಅಷ್ಟಾಗಿ ಹೊಂದುವುದಿಲ್ಲ. ಅಲ್ಲಿನ ಬೋರ್‌ವೆಲ್ ನೀರು ಗಡಸು. ನಮ್ಮ ತೆರೆದ ಬಾವಿಯ ನೀರು ಹೆಚ್ಚುಕಮ್ಮಿ ಮಳೆನೀರೇ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ 40 ದಾಟುವುದಿಲ್ಲ, ಪಿಎಚ್ 6.5ರ ಕೆಳಗೆ, ಅಂದರೆ ಸ್ವಲ್ಪ ಹುಳಿ. ಶಾಲೆಗೆ ಹೋಗುವ ವಯಸ್ಸಿನಿಂದ ಮಡಿಕೇರಿ ಹತ್ತಿರದ ನಮ್ಮ ಮನೆಯಲ್ಲಿ ಮೀನು ಸಾಕುತ್ತಾ ಬಂದಿದ್ದೇನೆ. ನನ್ನದು ಒಂದೇ ಹಟ: ಇರುವ ನೀರಿಗೆ ಯಾವ ಮೀನು ಒಗ್ಗುತ್ತದೋ ಅದನ್ನೇ ತರುವುದು.

ಹಾಗೆ ನೋಡಿದರೆ ಅಂಗಡಿಯವರು ಮೊದಲು ಕೈಗೆ ಕೊಡುವ ಮೊಲ್ಲಿ, ಗಪ್ಪಿಗಳು ನಮಗೆ ಸುಲಭದ ಮೀನುಗಳಲ್ಲ. ಅವಕ್ಕೆ ಗಡಸು ನೀರು ಬೇಕು. ಮೆದು ನೀರಿನಲ್ಲಿ ಮೊಲ್ಲಿ ರೆಕ್ಕೆ ಮುದುರಿಕೊಂಡು ನಿಂತಲ್ಲೇ ತೂಗಾಡುತ್ತದೆ. ಬಾರ್ಬ್, ಡೇನಿಯೋ, ಟೆಟ್ರಾಗಳಿಗೆ ಮಾತ್ರ ಇದು ತವರಿನ ನೀರಿದ್ದ ಹಾಗೆ. ಜಯಂಟ್ ಡೇನಿಯೋ ನಮ್ಮ ತೋಡುಗಳಲ್ಲೇ ಓಡಾಡುವ ಮೀನು. ಚಳಿಗೆ ಅಂಜುವುದಿಲ್ಲ, ಆದರೆ ಟ್ಯಾಂಕಿಗೆ ಮುಚ್ಚಳ ಬೇಕೇ ಬೇಕು. ಹಾರುತ್ತದೆ!

ನನಗೆ ಜಾಸ್ತಿ ಇಷ್ಟವಾದದ್ದು ಮಿಸ್ ಕೇರಳ. ಮೈ ಉದ್ದಕ್ಕೂ ಕಪ್ಪು ಗೆರೆ, ಮೇಲೆ ಕೆಂಪು ಗೆರೆ. 1865ರಲ್ಲಿ ಮೀನುತಜ್ಞ ಫ್ರಾನ್ಸಿಸ್ ಡೇ ಇದನ್ನು ವಿವರಿಸಿ, ಮದ್ರಾಸಿನ ಗವರ್ನರ್ ಡೆನಿಸನ್ ಹೆಸರು ಇಟ್ಟರು. ಪಶ್ಚಿಮಕ್ಕೆ ಹರಿಯುವ ಹೊಳೆಗಳಿಂದ ಬೇಕಾಬಿಟ್ಟಿ ಹಿಡಿದು ಮಾರಿದ್ದರಿಂದ ಈಗ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಅಳಿವಿನಂಚಿನ ಮೀನು. ಹಾಗಾಗಿ ಸಾಕಿ ಮರಿ ಮಾಡಿಸಿದ್ದನ್ನಷ್ಟೇ ಕೊಳ್ಳುತ್ತೇನೆ. ಗುಂಪಿನಲ್ಲಿ ಇರುವ ಮೀನು, ಕನಿಷ್ಠ ಆರಾದರೂ ಬೇಕು. ಈಜಾಡಲು ಉದ್ದದ ಜಾಗವೂ ಬೇಕು. ನನ್ನದು 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕು. ತುಂಬಿದರೆ ಸುಮಾರು 250 ಲೀಟರ್, ಅಂದರೆ ನೀರಿನ ತೂಕವೇ ಕಾಲು ಟನ್. ಹಳೇ ಮನೆಗಳ ಮರದ ಅಟ್ಟದ ಮೇಲೆ ಇಡುವ ಆಸೆ ಬೇಡ.

ಮೆದು ನೀರಿಗೂ ಒಂದು ತಾಪತ್ರಯ ಇದೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ಕೆಲಸದಲ್ಲಿ ನೀರಿನ ಕ್ಷಾರ ಖರ್ಚಾಗುತ್ತದೆ. ನಮ್ಮ ನೀರಿನಲ್ಲಿ ಅದು ಮೊದಲೇ ಕಡಿಮೆ. ಬಿಟ್ಟರೆ ಪಿಎಚ್ ಜಾರುತ್ತಾ ಹೋಗಿ ಬ್ಯಾಕ್ಟೀರಿಯಾದ ಕೆಲಸವೇ ನಿಧಾನವಾಗುತ್ತದೆ. ಅದಕ್ಕೆ ಒಂದು ಹಿಡಿ ಚಿಪ್ಪಿನ ಚೂರನ್ನು ಬಟ್ಟೆಯಲ್ಲಿ ಕಟ್ಟಿ ಫಿಲ್ಟರಿನೊಳಗೆ ಇಟ್ಟಿರುತ್ತೇನೆ. ಬೇಕಾದಷ್ಟೇ ಕರಗುತ್ತದೆ. ತೋಟದ ಶೆಡ್ಡಿನಲ್ಲಿ ಸುಣ್ಣ ಇದೆಯಲ್ಲ ಅಂತ ಅದನ್ನು ಹಾಕೀರಿ, ಪಿಎಚ್ ಒಮ್ಮೆಲೇ ಏರಿ ಮೀನು ಸಾಯುತ್ತವೆ.

ಶೆಡ್ಡಿನ ವಿಷಯ ಬಂತು ಅಂತ ಇನ್ನೊಂದು ಹೇಳುತ್ತೇನೆ. ಮಳೆಗಾಲಕ್ಕೆ ಮುಂಚೆ ಕಾಫಿಗೆ, ಮೆಣಸಿಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದರಲ್ಲಿ ಇರುವುದು ಮೈಲುತುತ್ತ, ಅಂದರೆ ತಾಮ್ರ. ತಾಮ್ರ ಮೀನಿಗೆ ವಿಷ, ಅದರಲ್ಲೂ ಮೆದು ನೀರಿನಲ್ಲಿ ಅದರ ವಿಷ ಇನ್ನೂ ಜಾಸ್ತಿ. ಸಿಗಡಿ, ಬಸವನಹುಳ ಇಟ್ಟವರಿಗಂತೂ ಒಂದಿಷ್ಟು ಬಿದ್ದರೂ ಕಷ್ಟ. ಹಾಗಾಗಿ ಮೀನಿನ ಬಕೆಟ್ಟು, ಪೈಪು, ಮಗ್ಗು ಬೇರೆಯೇ ಇವೆ, ಕೆಂಪು ಬಣ್ಣ ಬಳಿದಿಟ್ಟಿದ್ದೇನೆ. ಕೆಲಸದವರಿಗೂ ಗೊತ್ತು, ಕೆಂಪು ಬಕೆಟ್ಟು ಮುಟ್ಟುವಂತಿಲ್ಲ. ಸ್ಪ್ರೇ ನಡೆಯುವ ವಾರ ನೀರು ಬದಲಿಸುವುದನ್ನೇ ಮುಂದಕ್ಕೆ ಹಾಕುತ್ತೇನೆ.

ಆಮೇಲೆ ಮಳೆ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳಲ್ಲಿ, ಗಾಳಿಗೆ ಮರ ಬಿದ್ದು ಲೈನ್ ಹೋದರೆ ಎರಡು ದಿನ, ಮೂರು ದಿನ ಕರೆಂಟ್ ಬರುವುದಿಲ್ಲ. ಮೀನಿಗಿಂತ ಮೊದಲು ತೊಂದರೆಯಾಗುವುದು ಫಿಲ್ಟರಿಗೆ. ಮುಚ್ಚಿದ ಡಬ್ಬದ ಫಿಲ್ಟರಿನಲ್ಲಿ ನೀರು ನಿಂತರೆ ಕೆಲವೇ ಗಂಟೆಯಲ್ಲಿ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗುತ್ತವೆ. ಕರೆಂಟ್ ಬಂದ ಕೂಡಲೇ ಆ ಕೊಳೆ ನೀರು ಟ್ಯಾಂಕಿಗೆ ನುಗ್ಗುತ್ತದೆ. ಅದಕ್ಕೇ ನನ್ನ ಟ್ಯಾಂಕಿನಲ್ಲಿ ಇರುವುದು ಗಾಳಿಯಿಂದ ನಡೆಯುವ ಸ್ಪಂಜ್ ಫಿಲ್ಟರ್. ಬ್ಯಾಟರಿಯ ಏರ್ ಪಂಪಿಗೆ ಸಿಕ್ಕಿಸಿದರೆ ಸಾಕು, ರಾತ್ರಿಯಿಡೀ ಓಡುತ್ತದೆ. ಆ ದಿನಗಳಲ್ಲಿ ತಿಂಡಿ ಹಾಕುವುದಿಲ್ಲ. ದೊಡ್ಡ ಮೀನು ಒಂದು ವಾರ ಉಪವಾಸ ಇದ್ದರೂ ಏನೂ ಆಗುವುದಿಲ್ಲ. ಪಕ್ಕದ ತೋಟದ ಹಿರಿಯರು ಒಮ್ಮೆ ಟಾರ್ಚ್ ಹಿಡಿದು ಬಂದವರು ಹೇಳಿದರು: "ಎಂಥ ಮಾರಾಯ್ರೆ, ನಮಗೆ ಫ್ಯಾನಿಗೆ ಗತಿಯಿಲ್ಲ, ನಿಮ್ಮ ಮೀನಿಗೆ ಬ್ಯಾಟರಿಯಾ!" ಮಡಿಕೇರಿ ಮಳೆಗಾಲದಲ್ಲಿ ಫ್ಯಾನು ಯಾರಿಗೆ ಬೇಕೋ ಗೊತ್ತಿಲ್ಲ.

ನೀರು ದಿಢೀರ್ ತಣ್ಣಗಾದರೆ ಬಿಳಿಚುಕ್ಕೆ ರೋಗ ಬರುವುದು ಸಾಮಾನ್ಯ. ಮೈಮೇಲೆ ಉಪ್ಪು ಉದುರಿಸಿದಂತೆ ಕಾಣುತ್ತದೆ. ಪರಾವಲಂಬಿ ಮೀನಿನ ಚರ್ಮದೊಳಗೆ ಇರುವಾಗ ಔಷಧಿ ತಾಗುವುದಿಲ್ಲ, ನೀರಿನಲ್ಲಿ ಈಜುವಾಗ ಮಾತ್ರ ತಾಗುತ್ತದೆ. ಆದ್ದರಿಂದ ಚುಕ್ಕೆ ಮಾಯವಾಯಿತು ಅಂತ ಔಷಧಿ ನಿಲ್ಲಿಸಬಾರದು. ನಾನು ಹೀಟರಿನಿಂದ ನಿಧಾನವಾಗಿ 28 ಡಿಗ್ರಿವರೆಗೆ ಏರಿಸುತ್ತೇನೆ, ಗಾಳಿ ಜಾಸ್ತಿ ಬಿಡುತ್ತೇನೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದಲ್ವಾ.

ಸಕ್ಕರ್ ಮೀನನ್ನು ಮಾತ್ರ ಮನೆಗೆ ತರುವುದೇ ಇಲ್ಲ. ಪಾಚಿ ತಿನ್ನುತ್ತದೆ ಅಂತ ಬೆರಳುದ್ದದ್ದನ್ನು ಮಾರುತ್ತಾರೆ, ಅದು ಒಂದಡಿ ಮೀರಿ ಬೆಳೆಯುತ್ತದೆ. ಆಮೇಲೆ ಸಾಕಲಾಗದೆ ಹೊಳೆಗೆ ಬಿಡುತ್ತಾರೆ. ನಮ್ಮ ಹೊಳೆ ಕಾವೇರಿ. ಬೇಡವಾದ ಮೀನು ಇದ್ದರೆ ಅಂಗಡಿಗೆ ವಾಪಸ್ ಕೊಡಿ, ಇಲ್ಲವೇ ನನ್ನಂಥವರಿಗೆ ಒಂದು ಫೋನ್ ಮಾಡಿ.