ತುಲೂಸ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ: ಊರಿನವರ ಜೊತೆ ಮಾತು ಬೆಳೆಸುವುದು ಹೇಗೆ

ತುಲೂಸ್‌ಗೆ ಬರುವ ನಮ್ಮವರು ಸಾಮಾನ್ಯವಾಗಿ ಮೂರು ವಿಷಯ ಕೇಳುತ್ತಾರೆ. ಮನೆ ಯಾವ ಕಡೆ ನೋಡಬೇಕು, ತೊಗರಿಬೇಳೆ ಎಲ್ಲಿ ಸಿಗುತ್ತದೆ, ಫ್ರೆಂಚ್ ಬರದೆ ನಡೆಯುತ್ತದಾ?

ಮೊದಲ ಎರಡಕ್ಕೆ ಬೇಗ ಹೇಳಿಬಿಡುತ್ತೇನೆ. ವಿಮಾನ ತಯಾರಿಸುವ ಕಂಪನಿಗಳಲ್ಲಿ ಕೆಲಸ ಇರುವವರು ಬ್ಲಾನ್ಯಾಕ್, ಕೊಲೊಮಿಯೆ ಕಡೆ ಹುಡುಕಿ. ಓದಲು ಬಂದವರಿಗೆ ಮೆಟ್ರೊ ಬಿ ಲೈನಿನ ಹತ್ತಿರ ಇದ್ದರೆ ರಾಂಗೈ ಕ್ಯಾಂಪಸ್‌ಗೆ ಓಡಾಡಲು ಅನುಕೂಲ. ಬೇಳೆ, ಹುಣಸೆಹಣ್ಣು, ಅಕ್ಕಿಹಿಟ್ಟು ಏಷ್ಯನ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ಕಡಲೆಹಿಟ್ಟು ದೊಡ್ಡ ಸೂಪರ್‌ಮಾರ್ಕೆಟ್‌ನಲ್ಲೇ ಇರುತ್ತದೆ. ಸೀಮೆಬದನೆಕಾಯಿ ಬೇಕಾದರೆ 'ಶಾಯೋತ್' ಎಂದು ಕೇಳಿ, ನವಿಲುಕೋಸಿಗೆ 'ಶೂ ರಾವ್' ಎನ್ನಿ. ದೀರ್ಘಾವಧಿ ವೀಸಾದಲ್ಲಿ ಬಂದವರು, ಅದು ಬಂದ ಮೇಲೆ ಆನ್‌ಲೈನ್‌ನಲ್ಲಿ ಊರ್ಜಿತಗೊಳಿಸಬೇಕಾದ ಬಗೆಯದಾದರೆ, 3 ತಿಂಗಳೊಳಗೆ ಆ ಕೆಲಸ ಮುಗಿಸಿ, ಮುಂದಕ್ಕೆ ಹಾಕಬೇಡಿ. ಬಾಡಿಗೆ ಮನೆಗೆ ಜಾಮೀನು ಕೇಳಿದರೆ 'ವಿಜಾಲ್' ಎಂಬ ಉಚಿತ ಜಾಮೀನಿಗೆ ನೀವು ಅರ್ಹರೇ ನೋಡಿ.

ಮೂರನೆಯ ಪ್ರಶ್ನೆಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಆಫೀಸಿನಲ್ಲಿ ಇಂಗ್ಲಿಷ್‌ನಲ್ಲೇ ನಡೆದುಹೋಗುತ್ತದೆ. ಆದರೆ ಮೆಟ್ಟಿಲ ಮೇಲೆ, ಸಂತೆಯಲ್ಲಿ, ಮಕ್ಕಳ ಸ್ಕೂಲಿನ ಗೇಟಿನ ಹತ್ತಿರ ನಡೆಯುವುದಿಲ್ಲ. ವರ್ಷಗಟ್ಟಲೆ ಇಲ್ಲಿದ್ದೂ ಅಕ್ಕಪಕ್ಕದವರ ಪರಿಚಯವೇ ಇಲ್ಲದ ನಮ್ಮವರನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಇಲ್ಲಿನ ಜನ ಬಿಗುಮಾನದವರಲ್ಲ. ತಮ್ಮ ಊರಿನ ವಿಷಯ ಎತ್ತಿದರೆ ಸಾಕು, ನಿಮ್ಮ ಹರುಕುಮುರುಕು ಫ್ರೆಂಚನ್ನೂ ತಾಳ್ಮೆಯಿಂದ ಕೇಳುತ್ತಾರೆ. ಅವರಿಗೆ ಊರಿನ ಮೇಲೆ ಅಷ್ಟು ಪ್ರೀತಿ. ಹಾಗಾಗಿ ಕ್ಲಾಸಿಗೆ ಸೇರುವುದರ ಜೊತೆಗೆ ಅವರು ಯಾವುದರ ಬಗ್ಗೆ ಮಾತಾಡಲು ಇಷ್ಟಪಡುತ್ತಾರೆ ಎಂದು ತಿಳಿದುಕೊಂಡು ಬನ್ನಿ.

ಮೊದಲಿಗೆ ಇಟ್ಟಿಗೆ. ಈ ಊರಿಗೆ 'ಗುಲಾಬಿ ನಗರ' ಎಂಬ ಹೆಸರಿದೆ. ಹಳೇ ಊರಿನ ತುಂಬ ಇಟ್ಟಿಗೆ ಕಟ್ಟಡ. ಗರೋನ್ ನದಿಯ ಬಯಲಿನಲ್ಲಿ ಜೇಡಿಮಣ್ಣು ಬೇಕಾದಷ್ಟಿದೆ, ಕಟ್ಟಡಕ್ಕೆ ಆಗುವ ಒಳ್ಳೆಯ ಕಲ್ಲು ಹತ್ತಿರದಲ್ಲಿಲ್ಲ. ಕಲ್ಲು ಬೇಕೆಂದರೆ ಪಿರೆನೀಸ್ ಬೆಟ್ಟಗಳ ಕಡೆಯಿಂದ ತರಿಸಬೇಕಿತ್ತು, ಅದು ದುಡ್ಡಿದ್ದವರ ಮಾತು. ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಈ ಊರನ್ನು ಹೇಗೆ ನೋಡಬೇಕು ಎಂದು ನನಗೆ ಕಲಿಸಿದವರು ಅವರೇ. ಒಂದು ಸಲ ಹಳೇ ಗೋಡೆಯೊಂದರ ಮೇಲೆ ಗೇಣಿಟ್ಟು ಅಳೆದು ತೋರಿಸಿದರು. ಇಲ್ಲಿನ ಹಳೇ ಇಟ್ಟಿಗೆ ನಮ್ಮೂರಿನದಕ್ಕಿಂತ ತುಂಬಾ ಉದ್ದ, ಅಗಲ. ಆದರೆ ದಪ್ಪ ಮಾತ್ರ ಬಹಳ ಕಮ್ಮಿ. 18ನೇ ಶತಮಾನದಲ್ಲಿ ಇಟ್ಟಿಗೆ ಅಂದರೆ ಬಡತನ ಎಂದುಕೊಂಡು, ಕಲ್ಲಿನಂತೆ ಕಾಣಲಿ ಅಂತ ಎಷ್ಟೋ ಮನೆಗಳಿಗೆ ಸುಣ್ಣ ಬಳಿದಿದ್ದರಂತೆ. ಆಮೇಲೆ ಅದನ್ನೆಲ್ಲ ಕೆರೆದು ತೆಗೆದರು. ಇದನ್ನು ಹೇಳುವಾಗ ಆ ಹಿರಿಯರ ಮುಖದಲ್ಲಿ ಕಾಣುವ ಸಮಾಧಾನ ನೋಡಬೇಕು!

ನದಿ ದಡಕ್ಕೆ ಹೋದರೆ 'ಪೊಂ ನಫ್' ಸೇತುವೆ ನೋಡಿ. ಹೆಸರು ಹೊಸ ಸೇತುವೆ ಅಂತ, ಆದರೆ ಊರಲ್ಲಿ ಈಗ ನಿಂತಿರುವುದರಲ್ಲಿ ಅದೇ ಹಳೆಯದು. ಕಟ್ಟಲು ಶುರು ಮಾಡಿದ್ದು 1544ರಲ್ಲಿ, ಮುಗಿದದ್ದು 1632ರಲ್ಲಿ. ಕಮಾನುಗಳ ನಡುವಿನ ಕಂಬಗಳಲ್ಲಿ ದೊಡ್ಡ ದೊಡ್ಡ ಕಿಂಡಿಗಳಿವೆ. ಅಂದಕ್ಕೆ ಬಿಟ್ಟಿದ್ದಾರೆ ಎಂದುಕೊಳ್ಳಬೇಡಿ, ನೆರೆ ಬಂದಾಗ ನೀರು ಅವುಗಳ ಮೂಲಕ ಹರಿದು ಸೇತುವೆಯ ಮೇಲಿನ ಒತ್ತಡ ಕಮ್ಮಿಯಾಗಲಿ ಅಂತ. 1875ರ ಜೂನ್‌ನಲ್ಲಿ ಗರೋನ್ ಉಕ್ಕಿ ಬಂದು ಆಚೆ ದಡದ ಸೆಂ ಸಿಪ್ರಿಯೆಂ ಬಡಾವಣೆ ಮುಳುಗಿತು. 200ಕ್ಕೂ ಹೆಚ್ಚು ಜನ ಸತ್ತರು. ಬೇರೆ ಸೇತುವೆಗಳು ಕೊಚ್ಚಿಹೋದರೂ ಇದು ನಿಂತಿತು. ಊರಿನವರು ಯಾರಾದರೂ ಆ ಕಿಂಡಿಗಳನ್ನು ತೋರಿಸಿದರೆ ಗೊತ್ತಿಲ್ಲದವರ ಹಾಗೆ ಪೂರ್ತಿ ಕೇಳಿ. ಒಬ್ಬೊಬ್ಬರು ಒಂದೊಂದು ಹೊಸ ವಿಷಯ ಹೇಳುತ್ತಾರೆ.

ಇನ್ನು ಇವರ ಉಚ್ಚಾರಣೆ. ಇದು ನಮಗೆ ದೊಡ್ಡ ಅನುಕೂಲ, ಬಹಳ ಜನ ಗಮನಿಸುವುದಿಲ್ಲ. ಪ್ಯಾರಿಸ್ ಕಡೆಯವರು ಪದದ ಕೊನೆಯ ಸ್ವರ ನುಂಗಿಬಿಡುತ್ತಾರೆ. ಇಲ್ಲಿನ ಹಳಬರು ನುಂಗುವುದಿಲ್ಲ. ಪ್ಯಾರಿಸ್‌ನವರು 'ತುಲೂಜ್' ಎಂದರೆ ಇವರು 'ತುಲೂಜ' ಎನ್ನುತ್ತಾರೆ. ಬ್ರೆಡ್ಡನ್ನು 'ಪೇಂಗ್' ಎನ್ನುತ್ತಾರೆ, ಕೊನೆಗೆ ಗಂಟೆ ಹೊಡೆದ ಹಾಗೆ. ಬಸ್ಸು, ಕಾರು, ಬ್ಯಾಂಕು ಎಂದು ಎಲ್ಲಕ್ಕೂ ಕೊನೆಗೊಂದು ಸ್ವರ ಸೇರಿಸುವ ಕನ್ನಡದ ನಾಲಿಗೆಗೆ ಇದು ಸಲೀಸು. ಪ್ಯಾರಿಸ್ ಉಚ್ಚಾರಣೆ ಬರಲಿಲ್ಲ ಅಂತ ಸಂಕೋಚಪಟ್ಟು ಬಾಯಿ ಮುಚ್ಚಿಕೊಂಡು ಇರಬೇಡಿ. ಬೇಕರಿಯ ಹೆಂಗಸು ಹೇಗೆ ಮಾತಾಡುತ್ತಾರೋ ಹಾಗೆ ಮಾತಾಡಿ. ಅದೇ ಬೇಕರಿಯಲ್ಲಿ ಚಾಕೊಲೇಟ್ ಬನ್ ಬೇಕಾದರೆ 'ಶೊಕೊಲಾತಿನ್' ಎಂದೇ ಕೇಳಿ. ಉತ್ತರದ ಕಡೆಯ ಹೆಸರು ಹೇಳಿದರೆ ಕೊಡುತ್ತಾರೆ, ಆದರೆ ತಿದ್ದಿ ಕೊಡುತ್ತಾರೆ.

ಮೆಟ್ರೊದಲ್ಲಿ ಪ್ರತಿ ಸ್ಟೇಷನ್ನಿನ ಹೆಸರು ಎರಡು ಸಲ ಕೇಳಿಸುತ್ತದೆ, ಅಲ್ವಾ? ಎರಡನೆಯದು ಒಕ್ಸಿತಾನ್. ಈ ಸೀಮೆಯ ಮೂಲ ಭಾಷೆ ಅದು. ಹಳೇ ಊರಿನ ಬೀದಿ ಫಲಕಗಳಲ್ಲೂ ಇದೆ. 1323ರಲ್ಲೇ ಇಲ್ಲಿ ಏಳು ಜನ ಸೇರಿ ಒಕ್ಸಿತಾನ್ ಕಾವ್ಯಕ್ಕಾಗಿ ಸಭೆ ಕಟ್ಟಿದ್ದರು. ಗೆದ್ದ ಕವಿಗೆ ಚಿನ್ನದ ವಯೊಲೆಟ್ ಹೂವು ಬಹುಮಾನ. ಆಮೇಲೆ ಆಡಳಿತ, ಶಾಲೆ ಎಲ್ಲ ಫ್ರೆಂಚ್ ಆಯಿತು. ಶಾಲೆಯಲ್ಲಿ ಮನೆಮಾತು ಆಡಿದ ಮಕ್ಕಳಿಗೆ ಶಿಕ್ಷೆ ಕೊಡುತ್ತಿದ್ದರು. ಮೇಲಿನ ಮಹಡಿಯ ಹಿರಿಯರ ಅಜ್ಜಿ ಅದನ್ನೇ ಆಡುತ್ತಿದ್ದರಂತೆ. ಅಮ್ಮನಿಗೆ ಅರ್ಥವಾಗುತ್ತಿತ್ತು. ಇವರಿಗೆ ಉಳಿದದ್ದು ನಾಲ್ಕು ಗಾದೆ, ಕೆಲವು ಬೈಗುಳ. ಕನ್ನಡದವರಾದ ನಮಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ. ವಯಸ್ಸಾದವರು ಯಾರಾದರೂ ಪರಿಚಯವಾದರೆ 'ನಿಮ್ಮಜ್ಜಿ ಒಕ್ಸಿತಾನ್ ಆಡುತ್ತಿದ್ದರಾ?' ಎಂದು ಕೇಳಿ ನೋಡಿ. ಅಂಥ ಪ್ರಶ್ನೆಯನ್ನು ಹೊರಗಿನವರು ಕೇಳುವುದು ಅಪರೂಪ.

ವಿಮಾನದ ವಿಷಯಕ್ಕೆ ಬಂದರೆ ಮಾತು ಎರಡೂ ಕಡೆಯಿಂದ ಹರಿಯುತ್ತದೆ. 1918ರ ಡಿಸೆಂಬರ್ 25ರಂದು ಇಲ್ಲಿನ ಮೊಂತೊದ್ರಾಂ ಮೈದಾನದಿಂದ ಲಾತೆಕೊಯೆರ್ ಕಂಪನಿಯ ವಿಮಾನ ಬಾರ್ಸಿಲೋನಾಗೆ ಹಾರಿತು. ಮುಂದೆ ಆಫ್ರಿಕಾ, ದಕ್ಷಿಣ ಅಮೆರಿಕದವರೆಗೆ ಬೆಳೆದ ಅಂಚೆ ಮಾರ್ಗಕ್ಕೆ ಅದೇ ಮೊದಲ ಹೆಜ್ಜೆ. ಕಾಂಕಾರ್ಡ್ ಮೊದಲು ಹಾರಿದ್ದು ಇಲ್ಲಿಂದಲೇ, 1969ರ ಮಾರ್ಚ್ 2ರಂದು. ಏರ್‌ಬಸ್‌ನ ಎರಡಂತಸ್ತಿನ ವಿಮಾನ ಎ380 ಕೂಡ ಇಲ್ಲಿಂದಲೇ, 2005ರ ಏಪ್ರಿಲ್ 27ರಂದು. ಆ ದಿನ ನೋಡಲು ಹೋಗಿದ್ದವರು ಇನ್ನೂ ಅದರ ಬಗ್ಗೆ ಮಾತಾಡುತ್ತಾರೆ. ನೀವು ಬೆಂಗಳೂರಿನ ಕಡೆಯವರು ಎಂದಾಗ ಸಾಫ್ಟ್‌ವೇರ್ ಅಂತ ಶುರು ಮಾಡಬೇಡಿ. ಎಚ್‌ಎಎಲ್ ಬಗ್ಗೆ ಹೇಳಿ. ಅಲ್ಲಿ ತಯಾರಾದ ಚೇತಕ್ ಹೆಲಿಕಾಪ್ಟರ್ ಮೂಲದಲ್ಲಿ ಫ್ರಾನ್ಸಿನ ಅಲುಯೆತ್. 2011ರ ಅಕ್ಟೋಬರ್‌ನಲ್ಲಿ ಹಾರಿದ ಮೇಘಾ ಟ್ರಾಪಿಕ್ಸ್ ಉಪಗ್ರಹವನ್ನು ನಮ್ಮ ಇಸ್ರೊ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಸೇರಿ ಮಾಡಿದ್ದು. ಆ ಸಂಸ್ಥೆಯ ದೊಡ್ಡ ಕೇಂದ್ರ ಇರುವುದು ಇದೇ ತುಲೂಸ್‌ನಲ್ಲಿ. ಉಷ್ಣವಲಯದ ಮೋಡ, ಮಳೆ, ಅಂದರೆ ನಮ್ಮ ಮುಂಗಾರನ್ನೂ ಅರಿಯುವುದಕ್ಕೆ ಅಂತಲೇ ಮಾಡಿದ ಉಪಗ್ರಹ ಅದು. ಇದನ್ನು ಹೇಳಿದ ಮೇಲೆ ಮೇಲಿನ ಮಹಡಿಯವರು ನನ್ನನ್ನು ತಮ್ಮ ಹಳೇ ಸಹೋದ್ಯೋಗಿಗಳಿಗೆಲ್ಲ ಪರಿಚಯ ಮಾಡಿಸಿದರು.

ರಗ್ಬಿ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಸ್ತಾದ್ ತುಲೂಜೆಂ ತಂಡದ ಬಣ್ಣ ಕೆಂಪು ಕಪ್ಪು ಅನ್ನುವುದು ಮಾತ್ರ ನೆನಪಿರಲಿ. 2024ರಲ್ಲಿ ಆರನೇ ಸಲ ಯುರೋಪಿನ ಕಪ್ ಗೆದ್ದ ತಂಡ. ದೇಶದ ಲೀಗ್ ಗೆದ್ದಾಗ ಕೊಡುವ ಮರದ ಗುರಾಣಿಯನ್ನು ಕಾಪಿತೋಲ್ ಚೌಕಕ್ಕೆ ತರುತ್ತಾರೆ, ಊರಿಗೆ ಊರೇ ಅಲ್ಲಿರುತ್ತದೆ. ಫೈನಲ್ ದಿನ ಯಾರಾದರೂ ಮನೆಗೆ ಕರೆದರೆ ತಪ್ಪದೆ ಹೋಗಿ.

ಒಂದು ವಿಷಯದಲ್ಲಿ ಎಚ್ಚರ ಬೇಕು. ತಿಂಗಳ ಮೊದಲ ಬುಧವಾರ ಮಧ್ಯಾಹ್ನ 12 ಗಂಟೆಗೆ ಸೈರನ್ ಕೂಗುತ್ತದೆ. ಗಾಬರಿಯಾಗಬೇಡಿ, ಫ್ರಾನ್ಸ್ ತುಂಬ ಹೀಗೆ ಪರೀಕ್ಷೆ ಮಾಡುತ್ತಾರೆ. ಆದರೆ ಅದರ ಬಗ್ಗೆ ತಮಾಷೆ ಬೇಡ. 2001ರ ಸೆಪ್ಟೆಂಬರ್ 21ರಂದು ಊರಿನ ದಕ್ಷಿಣದಲ್ಲಿದ್ದ ಗೊಬ್ಬರದ ಕಾರ್ಖಾನೆಯಲ್ಲಿ ಅಮೋನಿಯಂ ನೈಟ್ರೇಟ್ ಸ್ಫೋಟಿಸಿ 31 ಜನ ಸತ್ತರು, ಸಾವಿರಾರು ಜನರಿಗೆ ಗಾಯವಾಯಿತು. ಆ ಬೆಳಗ್ಗೆ ತಾವು ಎಲ್ಲಿದ್ದೆವು ಎಂದು ಇಲ್ಲಿನ ಹಳಬರಿಗೆಲ್ಲ ನೆನಪಿದೆ. ಅವರಾಗಿಯೇ ಹೇಳಿದರೆ ಕೇಳಿ, ನೀವಾಗಿ ಕೆದಕಬೇಡಿ.

ದಿನದ ವ್ಯವಹಾರದಲ್ಲಿ ಎಲ್ಲಕ್ಕಿಂತ ಮುಖ್ಯ 'ಬೊಂಜೂರ್'. ಅಂಗಡಿಗೆ ಕಾಲಿಟ್ಟ ಕೂಡಲೇ, ಲಿಫ್ಟಿನಲ್ಲಿ, ಬಸ್ ಹತ್ತುವಾಗ ಹೇಳಿ. ಅದು ಬಿಟ್ಟು ನೇರವಾಗಿ ಬೆಲೆ ಕೇಳಿದರೆ ಒರಟುತನ ಎಂದುಕೊಳ್ಳುತ್ತಾರೆ. ಭಾನುವಾರ ಬೆಳಗ್ಗೆ ಸೆಂತ್ ಓಬೆಂ ಚರ್ಚಿನ ಸುತ್ತ ಸಂತೆ ಸೇರುತ್ತದೆ, ಅಲ್ಲಿಗೆ ಹೋಗಿ. ಬೇಸಿಗೆಯಲ್ಲಿ ಕರಬೂಜ ಕೊಳ್ಳಲು ಹೋದರೆ ಮಾರುವವರು 'ಯಾವಾಗ ತಿನ್ನುತ್ತೀರಿ, ಇವತ್ತಾ ನಾಳೆಯಾ?' ಎಂದು ಕೇಳುತ್ತಾರೆ. ತೊಟ್ಟು ಒತ್ತಿ, ಮೂಸಿ, ಆ ದಿನಕ್ಕೆ ಸರಿಯಾಗಿ ಹಣ್ಣಾಗಿರುವುದನ್ನು ಆರಿಸಿ ಕೊಡುತ್ತಾರೆ. ನೀವೇ ಕೈ ಹಾಕಬೇಡಿ. ಬೆಳ್ಳುಳ್ಳಿ ಕೊಳ್ಳುವುದಾದರೆ ಕಾದೂರ್‌ನ ನೇರಳೆ ಬೆಳ್ಳುಳ್ಳಿ ಅಥವಾ ಲೋತ್ರೆಕ್‌ನ ಗುಲಾಬಿ ಬೆಳ್ಳುಳ್ಳಿ ಕೇಳಿ. ಎರಡೂ ಈ ಸುತ್ತಿನ ಹಳ್ಳಿಗಳವು. ಸಾರಿನ ಒಗ್ಗರಣೆಗೆ ಹಾಕಿದರೆ ಮನೆಯೆಲ್ಲ ಘಮ್ ಅನ್ನುತ್ತದೆ.

ಊಟಕ್ಕೆ ಕರೆದರೆ ಸಸ್ಯಾಹಾರಿಗಳು ಮೊದಲೇ ತಿಳಿಸಿ. ಊರಿನ ಹೆಮ್ಮೆಯ ಕಾಸುಲೆಯಲ್ಲಿ ಬಿಳಿ ಬೀನ್ಸ್ ಕಾಳಿನ ಜೊತೆ ಬಾತುಕೋಳಿ, ಹಂದಿ ಮಾಂಸ ಎಲ್ಲ ಇರುತ್ತದೆ. 'ಮಾಂಸ ಇಲ್ಲ' ಎಂದ ಸಲಾಡ್‌ನಲ್ಲೂ ಸಣ್ಣ ಹಂದಿ ತುಣುಕುಗಳಿರಬಹುದು. ಹೇಳಿದ ಹೊತ್ತಿಗಿಂತ ಕಾಲು ಗಂಟೆ ತಡವಾಗಿ ಹೋಗುವುದೇ ಇಲ್ಲಿನ ರೂಢಿ, ಅದಕ್ಕೆ ಊರಿನ ಹೆಸರನ್ನೇ ಇಟ್ಟಿದ್ದಾರೆ. ಸರ್ಕಾರಿ ಕಚೇರಿಗೆ ಮಾತ್ರ ಆ ರೂಢಿ ನಡೆಯದು. ಕೋಡುಬಳೆ, ಚಕ್ಕುಲಿ ತೆಗೆದುಕೊಂಡು ಹೋಗಿ, ಖಾರ ಕಮ್ಮಿ ಇರಲಿ. ಊಟಕ್ಕೆ ಮುಂಚೆ ಕೂತು ಹರಟುವಾಗ ಅವು ಬೇಗ ಖಾಲಿಯಾಗುತ್ತವೆ.

ಅಲ್ಲಿ ನಿಮ್ಮನ್ನು ಎಲ್ಲಿಯವರು ಎಂದು ಕೇಳುತ್ತಾರೆ. ಇಂಡಿಯಾ ಎಂದು ಹೇಳಿ ನಿಲ್ಲಿಸಬೇಡಿ. ಇವರು ತಾವು ಫ್ರಾನ್ಸಿನವರು ಎನ್ನುವ ಮೊದಲು ತುಲೂಸಿನವರು ಎನ್ನುತ್ತಾರೆ. ನೀವೂ ಹಾಗೇ ಹೇಳಿ: ಶಿರಸಿ, ಗದಗ, ಮಂಡ್ಯ, ಯಾವುದಾದರೂ ಸರಿ. ನಾನು ಹಾಸನ ಜಿಲ್ಲೆಯವಳು. ಒಂದು ದಿನ ಮೇಲಿನ ಮಹಡಿಯ ಹಿರಿಯರಿಗೆ ಬೇಲೂರಿನ ಫೋಟೊ ತೋರಿಸಿದೆ. ಕಲ್ಲು ಇಲ್ಲದ ಊರಿನವರಲ್ವಾ, ಅವರ ಮೊದಲ ಪ್ರಶ್ನೆಯೇ ಇಷ್ಟು ಕಲ್ಲು ಎಲ್ಲಿಂದ ಬಂತು ಎಂದು. ಬಳಪದ ಕಲ್ಲು ತೆಗೆದಾಗ ಮೆದು, ಗಾಳಿಗೆ ಬಂದಂತೆ ಗಟ್ಟಿಯಾಗುತ್ತದೆ ಎಂದು ಹೇಳಿದೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ. ಇಲ್ಲಿನ ಸೆಂ ಸೆರ್ನೆಂ ಚರ್ಚನ್ನು ಪೋಪ್ ಎರಡನೇ ಅರ್ಬನ್ ಪವಿತ್ರಗೊಳಿಸಿದ್ದು 1096ರಲ್ಲಿ. ಎರಡೂ ಕಡೆ ಒಂದೇ ಕಾಲದಲ್ಲಿ ಉಳಿ ಸುತ್ತಿಗೆ ಆಡಿವೆ ಎಂದು ಲೆಕ್ಕ ಹಾಕಿ ಖುಷಿಪಟ್ಟವರು ಅವರೇ. ನಿಮ್ಮ ಫೋನಿನಲ್ಲೂ ನಿಮ್ಮ ಊರಿನ ನಾಲ್ಕು ಒಳ್ಳೆಯ ಫೋಟೊ ಇಟ್ಟುಕೊಂಡಿರಿ. ದೇವಸ್ಥಾನವೇ ಆಗಬೇಕಿಲ್ಲ, ಕೆರೆ ಏರಿ, ಸಂತೆ, ಅಡಿಕೆ ತೋಟ ಯಾವುದಾದರೂ ಆದೀತು. ಅದರ ಬಗ್ಗೆ ನಾಲ್ಕು ವಾಕ್ಯ ಫ್ರೆಂಚ್‌ನಲ್ಲಿ ಕಲಿತಿಟ್ಟುಕೊಳ್ಳಿ.